ಅಪ್ಪ ಪುಣೆಯಲ್ಲಿ ಕೇಳಿದ್ದು ಯಾರ ಹಾಡು? ಸವಾಯಿ ಗಂಧರ್ವ ಉತ್ಸವಕ್ಕೆ ಹೋದವರು ಯಾರಾದರೂ ಇದ್ದೀರಾ?

ಸಾಧನಕೇರಿ ಹುಡುಗಿ | ಶುಕ್ರವಾರ ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಂಗೀತ ಗೊತ್ತಿರುವವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನನಗೆ ರಾಗ ಗೀಗ ಏನೂ ತಿಳಿಯುವುದಿಲ್ಲ. ನಗಬೇಡಿ.

ನಮ್ಮಪ್ಪ ಧಾರವಾಡದವರು. ಕೆಸಿಡಿಯಲ್ಲಿ (ಕರ್ನಾಟಕ ಕಾಲೇಜು) ಓದುವಾಗ ಒಂದು ಡಿಸೆಂಬರಿನಲ್ಲಿ, 1981ರಲ್ಲೋ 82ರಲ್ಲೋ, ಇಬ್ಬರು ಗೆಳೆಯರ ಜೊತೆ ಪುಣೆಗೆ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಹೋಗಿದ್ದರು. ಮನೆಯಲ್ಲಿ ಹೇಳಿದ್ದು ಬೆಳಗಾವಿಯಲ್ಲಿ ಗೆಳೆಯನ ಅಕ್ಕನ ಮದುವೆ ಅಂತ. ವಾಪಸ್ ಬಂದಾಗ ಅಜ್ಜಿ ಬಾಗಿಲಲ್ಲೇ ಹಿಡಿದರಂತೆ. "ಮದುವಿಗೆ ಹೋದಾಂವ ಬರೇ ಕೈಲೆ ಬಂದಿಯಲ್ಲೋ, ಕಾಯಿ ಎಲಿ ಎಲ್ಲೈತಿ?" ಈ ಕಥೆಯನ್ನು ನಾವು ಮಕ್ಕಳು ನೂರು ಸಲ ಕೇಳಿದ್ದೇವೆ.

ಸಮಸ್ಯೆ ಇರುವುದು ಉಳಿದ ಕಥೆಯಲ್ಲಿ. ಅಪ್ಪ ಯಾವಾಗಲೂ ಮೂರು ಮಾತು ಹೇಳುತ್ತಾರೆ. ಒಂದು, ಒಬ್ಬ ಪಾರ್ಸಿ ಮುದುಕರು ಹಾಡಲು ಕೂತಾಗ ಜನ "ಗೋಪಾಲಾ, ಗೋಪಾಲಾ" ಅಂತ ಕೂಗಿದರು. ಎರಡು, ಕೊನೆಯ ದಿನ ಬೆಳಗ್ಗೆ ಭೀಮಸೇನ ಜೋಶಿ ತೋಡಿ ರಾಗ ಹಾಡಿದರು, ತಾನು ಕಣ್ಣು ಮಿಟುಕಿಸದೆ ಕೇಳಿದೆ. ಮೂರನೆಯದು ಅವರ ಮಾತಲ್ಲೇ ಬರೆಯುತ್ತೇನೆ: "ಎಲ್ಲಾ ಮುಗದ ಮ್ಯಾಲ ಸತ್ತಾಂವ ಹಾಡಿದಾ. ಒಗ್ಗರಣಿ ಸಿಡಿಯೋ ಸಪ್ಪಳದಾಗ ಹಾಡಿದಾ."

ಹೋದ ತಿಂಗಳು ಒಂದು ಮದುವೆಯಲ್ಲಿ (ನಿಜವಾದ ಮದುವೆ!) ಆ ಇಬ್ಬರು ಗೆಳೆಯರಲ್ಲಿ ಒಬ್ಬರು ಸಿಕ್ಕರು. ನಾವು ಕಾಕಾ ಅಂತೀವಿ. ಅಪ್ಪ ಊಟದ ಪಂಕ್ತಿಯಲ್ಲಿ ತೋಡಿಯ ಕಥೆ ತೆಗೆದಾಗ ಕಾಕಾ ಕೈಯಲ್ಲಿದ್ದ ಹೋಳಿಗೆ ಎಲೆಗೆ ಹಾಕಿ, "ಯಾ ತೋಡಿ ಲೇ? ನೀ ಬಾಯಿ ತಕ್ಕೊಂಡು ಗೊರಕಿ ಹೊಡೀಲಿಕ್ಕತ್ತಿದ್ದಿ" ಅಂದುಬಿಟ್ಟರು. ಇಡೀ ಸಾಲು ನಕ್ಕಿತು. ಅಪ್ಪ ನಗಲಿಲ್ಲ. ಅವತ್ತಿನಿಂದ ಈ ವಿಷಯವೇ ಎತ್ತುತ್ತಿಲ್ಲ.

ಈಗ ನನ್ನ ತಮ್ಮ, ಅಪ್ಪನಿಗೆ ಮರೆವು ಶುರುವಾಗಿದೆ, ಡಾಕ್ಟರಿಗೆ ತೋರಿಸೋಣ ಅಂತಿದ್ದಾನೆ. ಸತ್ತವರು ಹಾಡುವುದು ಅಂದರೆ ಏನು? ಹಿಂದುಗಡೆ ಯಾರೋ ಬಜ್ಜಿ ಕರಿಯುತ್ತಿದ್ದರಾ? ಅಲ್ಲಿಗೆ ಹೋದವರು ಇದ್ದರೆ ದಯವಿಟ್ಟು ಹೇಳಿ.


ಕೊತ್ರೂಡಿನ ಕನ್ನಡಿಗ | ಶುಕ್ರವಾರ ರಾತ್ರಿ 10:31

ಪಾರ್ಸಿ ಮುದುಕರ ಬಗ್ಗೆ ನಿಮ್ಮಪ್ಪ ಹೇಳಿದ್ದು ನೂರಕ್ಕೆ ನೂರು ನಿಜ. ಅವರು ಫಿರೋಜ್ ದಸ್ತೂರ್. ಸವಾಯಿ ಗಂಧರ್ವರ ಶಿಷ್ಯರು. ವಯಸ್ಸಿನಲ್ಲಿದ್ದಾಗ ಸಿನಿಮಾದಲ್ಲೂ ನಟಿಸಿದವರು. 1919ರಲ್ಲಿ ಹುಟ್ಟಿದವರು, ಅಂದರೆ ಆಗ ಅರವತ್ತು ದಾಟಿತ್ತು. ಕಾಲೇಜು ಹುಡುಗನ ಕಣ್ಣಿಗೆ ಮುದುಕರೇ. "ಗೋಪಾಲಾ ಮೇರಿ ಕರುಣಾ" ಅವರ ಗುರುವಿನ ಗುರು ಅಬ್ದುಲ್ ಕರೀಂ ಖಾನರ ಹಾಡು. ದಸ್ತೂರರು ವೇದಿಕೆಗೆ ಬಂದರೆ ಪುಣೆಯವರು ಅದನ್ನು ಹಾಡಿಸದೆ ಬಿಡುತ್ತಿರಲಿಲ್ಲ.

ನಾನು ಇಲ್ಲಿಗೆ ಬಂದಿದ್ದು ತೊಂಬತ್ತರ ದಶಕದಲ್ಲಿ. ಉತ್ಸವ ಆಗ ರಮಣಬಾಗ್ ಶಾಲೆಯ ಮೈದಾನದಲ್ಲಿ. ಅದಕ್ಕೆ ಮುಂಚೆ ರೇಣುಕಾ ಸ್ವರೂಪ್ ಶಾಲೆಯ ಅಂಗಳದಲ್ಲಿ ನಡೆಯುತ್ತಿತ್ತು, ನಿಮ್ಮಪ್ಪ ಕೂತಿದ್ದು ಅಲ್ಲೇ ಇರಬೇಕು. ಕುರ್ಚಿಯ ಟಿಕೆಟ್ ಬೇರೆ, ಭಾರತೀಯ ಬೈಠಕ್ ಬೇರೆ. ಬೈಠಕ್ ಅಂದರೆ ನೆಲ, ಅಷ್ಟೆ. ಮನೆಯಿಂದ ಚಾಪೆ, ಶಾಲು, ಮಂಕಿ ಕ್ಯಾಪ್, ಥರ್ಮಾಸ್, ಚಿವಡಾ ಎಲ್ಲ ತಂದು ಸಂಸಾರ ಹೂಡುತ್ತಿದ್ದರು. ಡಿಸೆಂಬರಿನ ಪುಣೆಯ ಚಳಿ ಗೊತ್ತಲ್ಲ, ಬೆಳಗಿನ ಜಾವ ತಂಬೂರಿಯೂ ನಡುಗುತ್ತದೆ.

ಭೀಮಣ್ಣ ಕೊನೆಗೆ ಹಾಡುತ್ತಿದ್ದರು ಅನ್ನುವುದೂ ಸರಿ. ತಾವೇ ಕಟ್ಟಿ ನಿಲ್ಲಿಸಿದ ಉತ್ಸವ. ಮನೆ ಯಜಮಾನ ಎಲ್ಲರಿಗೂ ಬಡಿಸಿ ಕೊನೆಗೆ ಎಲೆ ಮುಂದೆ ಕೂತ ಹಾಗೆ. ಮೂರನೆಯದಕ್ಕೂ ನನ್ನ ಹತ್ತಿರ ಉತ್ತರ ಇದೆ, ಆದರೆ ಮೊದಲು ಅಪ್ಪನನ್ನು ಒಂದು ಕೇಳಿ: ಆ ಸತ್ತವರ ಹಾಡು ಎಷ್ಟು ಹೊತ್ತು ಇತ್ತು?


ಸಂಶಯಪ್ಪ | ಶುಕ್ರವಾರ ರಾತ್ರಿ 10:40

ನನಗನ್ನಿಸುವುದು ಕಾಕಾ ಹೇಳಿದ್ದೇ ನಿಜ. ಮೂರು ರಾತ್ರಿ ನಿದ್ದೆಗೆಟ್ಟವನು ನಾಲ್ಕನೇ ಬೆಳಗ್ಗೆ ತೋಡಿ ಕೇಳುತ್ತಾನಾ? ಕನಸು ಕಂಡಿದ್ದಾರೆ. ತಪ್ಪು ತಿಳಿಯಬೇಡಿ.


ಚೆಂಡೆಪೆಟ್ಟು | ಶುಕ್ರವಾರ ರಾತ್ರಿ 11:05

ನಾನು ಕುಂದಾಪುರದವನು. ನಿದ್ದೆಯನ್ನು ಅಷ್ಟು ಹಗುರ ಮಾಡಬೇಡಿ ಮಾರಾಯ್ರೆ. ನಮ್ಮಲ್ಲಿ ಬಯಲಾಟಕ್ಕೆ ಹೋದವರಲ್ಲಿ ಅರ್ಧ ಜನ ಗದ್ದೆಯಲ್ಲಿ ಚಾಪೆ ಹಾಸಿ ಮಲಗುವವರೇ. ಬಣ್ಣದ ವೇಷ ಬರುವಾಗ ಚೆಂಡೆ ಪೆಟ್ಟಿಗೆ ತಾನಾಗಿ ಎಚ್ಚರ ಆಗುತ್ತದೆ. ನನ್ನ ಅಮ್ಮ ಅರ್ಧ ನಿದ್ದೆಯಲ್ಲೇ ಪ್ರಸಂಗದ ಪದ್ಯ ಎಲ್ಲ ಬಾಯಿಪಾಠ ಮಾಡಿದವರು. ಮಲಗಿದ್ದರೂ ಕಿವಿ ಆಟದಲ್ಲೇ ಇರುತ್ತದೆ. ಈಗ ಕಾಲಮಿತಿ ಆಟ ಬಂದ ಮೇಲೆ ಆ ನಿದ್ದೆಯೂ ಇಲ್ಲ, ಆ ಎಚ್ಚರವೂ ಇಲ್ಲ.


ಕುಂದಗೋಳ ಪ್ಯಾಸೆಂಜರ್ | ಶನಿವಾರ ಬೆಳಗ್ಗೆ 6:48

ನಮ್ಮೂರಿನ ಹೆಸರೇ ಬಂದಿಲ್ಲವಲ್ಲ ಅಂತ ಬೇಜಾರಾಗಿ ಬರೆಯುತ್ತಿದ್ದೇನೆ.

ಸವಾಯಿ ಗಂಧರ್ವರು ನಮ್ಮ ಕುಂದಗೋಳದ ರಾಮಭಾವು. ಸವಾಯಿ ಅಂದರೆ ಒಂದೂಕಾಲು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಮೆರೆಯುತ್ತಿದ್ದ ಕಾಲದಲ್ಲಿ, ಇವರು ಅವರಿಗಿಂತ ಕಾಲು ಜಾಸ್ತಿ ಅಂತ ಕೊಟ್ಟ ಹೆಸರು. ಭೀಮಸೇನರು ಹುಡುಗರಾಗಿ ಇದೇ ಊರಲ್ಲಿ ಗುರುಗಳ ಮನೆಗೆ ನೀರು ಹೊತ್ತು ಹಾಡು ಕಲಿತವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದರು. ಪಾಠ ಮುಗಿಸಿ ಕೊನೆಯ ರೈಲು ಹಿಡಿಯಲು ಓಡಬೇಕು. ಹೆಣ್ಣುಮಗಳು ಹೀಗೆ ಒಬ್ಬಳೇ ರೈಲು ಹತ್ತಿ ಹಾಡು ಕಲಿಯಲು ಬರುವುದು ಅಂದರೆ ಆಗ ಊರವರ ಬಾಯಿಗೆ ಬೀಗ ಇರುತ್ತಿತ್ತಾ? ನಮ್ಮಜ್ಜಿ ಹೇಳುತ್ತಿದ್ದರು, ಕಿಟಕಿಯಲ್ಲಿ ನಿಂತು ನೋಡುವವರೇ ಜಾಸ್ತಿ, ಕೇಳುವವರು ಕಡಿಮೆ ಅಂತ.

ಗುರುಗಳು ತೀರಿಕೊಂಡದ್ದು 1952ರಲ್ಲಿ. ಮರುವರ್ಷವೇ ಪುಣೆಯಲ್ಲಿ ಭೀಮಸೇನರು ಉತ್ಸವ ಶುರು ಮಾಡಿದರು. ನಮ್ಮೂರಲ್ಲೂ ನಾಡಗೇರ ವಾಡೆಯಲ್ಲಿ ಪುಣ್ಯತಿಥಿಯ ಸಂಗೀತ ಬಹಳ ವರ್ಷದಿಂದ ನಡೆಯುತ್ತದೆ. ಪುಣೆಯದು ಜಾತ್ರೆ, ನಮ್ಮದು ಮನೆಯ ಶ್ರಾದ್ಧ ಇದ್ದ ಹಾಗೆ. ಮರದ ಕಂಬಕ್ಕೆ ಒರಗಿ ಕೂತರೆ ಹಾಡುವವರ ಉಸಿರು ಕೇಳುತ್ತದೆ. ನಮ್ಮಪ್ಪ ಪುಣೆಗೆ ಹೋಗಲೇ ಇಲ್ಲ. ಅವರೇ ನಮ್ಮೂರಿಗೆ ಬರುತ್ತಾರಲ್ಲ, ನಾನ್ಯಾಕೆ ಹೋಗಲಿ ಅಂತಿದ್ದರು.


ಸಾಧನಕೇರಿ ಹುಡುಗಿ | ಶನಿವಾರ ಮಧ್ಯಾಹ್ನ 1:15

ಎಲ್ಲರಿಗೂ ಥ್ಯಾಂಕ್ಸ್. ಗೋಪಾಲಾ ವಿಷಯ ಓದಿ ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ "ನಾ ಹೇಳಿದ್ನಲ್ಲ" ಅಂದರು, ಅಷ್ಟೆ. ಆದರೆ ಊಟ ಆದ ಮೇಲೆ ತಾವಾಗಿಯೇ ಬಂದು ಕೂತರು.

ಹೇಳಿದ್ದು ಇಷ್ಟು. ಆಗ ಧಾರವಾಡದಿಂದ ಮೀರಜ್‌ವರೆಗೆ ಮೀಟರ್ ಗೇಜ್. ಮೀರಜದಲ್ಲಿ ಇಳಿದು ಬ್ರಾಡ್ ಗೇಜ್ ಗಾಡಿ ಹತ್ತಬೇಕು. ಅಲ್ಲಿ ಗಾಡಿ ಕಾಯುವಾಗ ಕಾಕಾ ಇವರನ್ನು ಅಬ್ದುಲ್ ಕರೀಂ ಖಾನರ ಗೋರಿ ಇರುವ ದರ್ಗಾಕ್ಕೆ ಕರೆದುಕೊಂಡು ಹೋದರಂತೆ. ಅಪ್ಪನಿಗೆ ಆಗ ಸಂಗೀತದ ಹುಚ್ಚು ಇರಲಿಲ್ಲ. ಹುಚ್ಚು ಇದ್ದದ್ದು ಕಾಕಾನಿಗೆ. ಅಪ್ಪ ಹೋಗಿದ್ದು ಪುಣೆ ನೋಡಲು!

ಮೂರು ಜನಕ್ಕೆ ಒಂದೇ ಕಂಬಳಿ. ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿ ಎರಡನೇ ದಿನಕ್ಕೆ ಖಾಲಿ. ಪಕ್ಕದಲ್ಲಿ ಒಬ್ಬ ಮರಾಠಿ ಅಜ್ಜಿ ಕೂತಿದ್ದರು. ಇವರು ಕನ್ನಡದಲ್ಲಿ ಮಾತಾಡುವುದು ಕೇಳಿ, "ನೀವು ಭೀಮಸೇನರ ಊರಿನವರಾ?" ಅಂತ ಮರಾಠಿಯಲ್ಲಿ ಕೇಳಿದರು. ಅಪ್ಪ ಹೂಂ ಅಂದರು. ಗದಗ ಎಲ್ಲಿ, ಧಾರವಾಡ ಎಲ್ಲಿ! ಆದರೆ ಆಮೇಲೆ ಅಜ್ಜಿಯ ಡಬ್ಬಿಯ ಲಾಡು ಇವರ ಕಡೆಗೇ ಬರತೊಡಗಿತು.

ಹಾಡು ಎಷ್ಟು ಹೊತ್ತು ಅಂತ ಕೇಳಿದೆ. "ಭಾಳ ಸಣ್ಣದು. ಒಂದು ಚಾ ಕುಡಿಯೋ ಅಷ್ಟು" ಅಂದರು. ಹಾಡುವವರು ಕಾಣಿಸಿದರಾ ಅಂದೆ. "ಸ್ಟೇಜಿನ ಮ್ಯಾಲ ಯಾರೂ ಇರಲಿಲ್ಲ. ಅದಕ್ಕ ಸತ್ತಾಂವ ಅನ್ನೋದು."

ಮೈ ಜುಮ್ ಅಂತು ನನಗೆ.


ಅರಗಿನ ತಟ್ಟೆ | ಶನಿವಾರ ಮಧ್ಯಾಹ್ನ 2:02

ಅಯ್ಯೋ ತಂಗಿ, ಇದನ್ನು ಕೇಳಿ ನಾನು ಊಟದ ತಟ್ಟೆ ಬಿಟ್ಟು ಎದ್ದೆ.

ನಿಮ್ಮಪ್ಪ ಕೇಳಿದ್ದು ಸವಾಯಿ ಗಂಧರ್ವರನ್ನೇ. ಅವರ ರೆಕಾರ್ಡ್. ಭೈರವಿ ರಾಗ, "ಬಿನ ದೇಖೇ ಪಡೇ ನಹೀ ಚೈನ". ಉತ್ಸವ ಮುಗಿಯುವುದು ಆ ರೆಕಾರ್ಡಿನಿಂದಲೇ. ಎಲ್ಲರೂ ಹಾಡಿ ಆದ ಮೇಲೆ ಕೊನೆಯ ಸರದಿ ಗುರುಗಳದು.

ಒಗ್ಗರಣೆಯ ಸಪ್ಪಳ ಬಜ್ಜಿಯದಲ್ಲ! 78 ಸುತ್ತಿನ ಗ್ರಾಮಫೋನ್ ತಟ್ಟೆ ಕೇಳಿದವರಿಗೆ ಮಾತ್ರ ಈ ಹೋಲಿಕೆ ಹೊಳೆಯಬಹುದು. ಆ ತಟ್ಟೆ ಪ್ಲಾಸ್ಟಿಕ್ಕಿನದಲ್ಲ. ಅರಗು, ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಉಕ್ಕಿನ ಮುಳ್ಳು ಆ ಗೆರೆಯಲ್ಲಿ ಉಜ್ಜಿಕೊಂಡು ಹೋಗುವಾಗ ಚಟಪಟ ಅನ್ನುತ್ತದೆ, ಹದವಾಗಿ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಹಿಡಿಸುತ್ತದೆ. ಚಾ ಕುಡಿಯುವಷ್ಟು ಹೊತ್ತು, ಸರಿ ಅಲ್ವಾ? ಪುಣೆಯಲ್ಲಿ ತಟ್ಟೆಯನ್ನೇ ಹಾಕಲಿ, ಟೇಪಿಗೆ ಇಳಿಸಿ ಹಾಕಲಿ, ಸಾಸಿವೆ ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಸುಮ್ನೆ ಹೇಳುತ್ತೇನೆ, ತಟ್ಟೆ ಕೂಡಿಡುವ ನಮ್ಮಂಥವರಿಗೆ ಇಷ್ಟವಾದ ಮಾತು. ಗದಗಿನ ಹುಡುಗ ಭೀಮಸೇನ ಹನ್ನೊಂದನೇ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ್ದು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ "ಪಿಯಾ ಬಿನ ನಹೀ ಆವತ ಚೈನ" ತಟ್ಟೆ ಕೇಳಿ. ಚೈನ ಅಂದರೆ ನೆಮ್ಮದಿ. ಅಲ್ಲೂ ಚೈನ ಇಲ್ಲ, ಇಲ್ಲೂ ಚೈನ ಇಲ್ಲ.


ಕೊತ್ರೂಡಿನ ಕನ್ನಡಿಗ | ಶನಿವಾರ ಮಧ್ಯಾಹ್ನ 2:20

ಅರಗಿನವರು ನನ್ನ ಬಾಯಿಂದ ಕಿತ್ತುಕೊಂಡರು. ಎಷ್ಟು ಹೊತ್ತು ಅಂತ ಕೇಳಿದ್ದೇ ಅದಕ್ಕೆ. ನಾನು ಮೊದಲ ಸಲ ಹೋದಾಗ ಭೀಮಣ್ಣ ಮುಗಿಸಿದರು, ನಾನು ಚಾಪೆ ಸುತ್ತತೊಡಗಿದೆ. ಪಕ್ಕದವರು ಮೊಣಕೈ ಹಿಡಿದು ಕೂರಿಸಿದರು. ಮೂರು ರಾತ್ರಿ ವಾಹ್ವಾ ಅಂತ ಕೂಗಿದ ಜನ ಆ ಮೂರು ನಿಮಿಷ ಕೆಮ್ಮಲಿಲ್ಲ.


ಸಂಶಯಪ್ಪ | ಶನಿವಾರ ಮಧ್ಯಾಹ್ನ 2:31

ಸರಿ, ರೆಕಾರ್ಡ್ ಒಪ್ಪಿದೆ. ತೋಡಿ ಒಪ್ಪುವುದಿಲ್ಲ. ಒಂದು ಸುಳ್ಳು ಹೇಳಿ ಮನೆ ಬಿಟ್ಟವರು ಎರಡನೆಯದನ್ನೂ ಹೇಳುತ್ತಾರೆ :)


ಕೋಟೆ ಮೈದಾನದ ಮಗ | ಶನಿವಾರ ಸಂಜೆ 5:44

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ನನ್ನ ಅಮ್ಮನ ಪುಣೆ ಅಂದರೆ ಬೆಂಗಳೂರಿನ ಚಾಮರಾಜಪೇಟೆ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ, 1939ರಲ್ಲಿ ಶುರುವಾದದ್ದು. ಮದುವೆಗೆ ಮುಂಚೆ ಅಮ್ಮನ ಮನೆ ಅಲ್ಲೇ ಹತ್ತಿರ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ದಿನ ಟಿಕೆಟ್‌ಗೆ ದುಡ್ಡಿಲ್ಲದೆ ಚಪ್ಪರದ ಆಚೆ ರಸ್ತೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತೇ ಕೇಳಿದರಂತೆ. ರಸ್ತೆಯ ತುಂಬ ಅಂಥವರೇ. ಸೈಕಲ್ ಸ್ಟ್ಯಾಂಡ್ ಹಾಕಿ ಕ್ಯಾರಿಯರ್ ಮೇಲೆ ಕೂತವರು, ಹೂವಿನ ಬುಟ್ಟಿ ಇಳಿಸಿ ಕೂತವರು. ಅಮ್ಮನಿಗೆ ಹಾಡಿದ್ದು ಯಾವುದು ಅಂತ ನೆನಪಿಲ್ಲ. ಸೀರೆಯನ್ನು ತಮ್ಮ ಒದ್ದೆ ಮಾಡಿದ್ದು ಚೆನ್ನಾಗಿ ನೆನಪಿದೆ.

ಆ ತಮ್ಮ ಈಗ ನನ್ನ ಮಾವ, ಎಪ್ಪತ್ತು ವರ್ಷ. "ನಾನು ಎಂ.ಎಸ್. ಕಛೇರಿ ಕೇಳಿದವನು" ಅಂತ ಎಲ್ಲರ ಮುಂದೆ ಹೇಳಿಕೊಳ್ಳುತ್ತಾರೆ. ಕಾಕಾ ಥರದವರು ನಮ್ಮ ಮನೆಯಲ್ಲೂ ಒಬ್ಬರು ಬೇಕಿತ್ತು.


ಇಯರ್‌ಫೋನ್ ಹುಡುಗ | ಶನಿವಾರ ರಾತ್ರಿ 8:10

ನಾನು ಎರಡು ವರ್ಷದಿಂದ ಪುಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ, ಹೋದ ಸಲ ಹೋಗಿದ್ದೆ. ಮುಕುಂದನಗರದಲ್ಲಿ, ದೊಡ್ಡ ಪೆಂಡಾಲ್, ಎಲ್‌ಇಡಿ ಪರದೆ, ಊಟದ ಸಾಲು ಸಾಲು ಅಂಗಡಿ. ಆದರೆ ರಾತ್ರಿ ಹತ್ತಕ್ಕೆ ಮುಗೀತು. ಇಡೀ ರಾತ್ರಿ ಅಂತೀರಲ್ಲ, ಯಾವಾಗ ನಿಂತಿತು? ಯಾಕೆ?


ಕೊತ್ರೂಡಿನ ಕನ್ನಡಿಗ | ಶನಿವಾರ ರಾತ್ರಿ 8:47

2000ದಲ್ಲಿ ಶಬ್ದ ಮಾಲಿನ್ಯದ ನಿಯಮ ಬಂತು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಉತ್ಸವಕ್ಕೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿ ಹನ್ನೆರಡರವರೆಗೆ ಬಿಡಬಹುದು. ಅದಕ್ಕೇ ಒಂದು ದಿನ ಮಾತ್ರ ತಡವಾಗಿ ಮುಗಿಯುವುದು. ಈಗ ರಾತ್ರಿಗಳ ಬದಲು ಸಂಜೆಗಳು.

ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಡಿಜೆ ಹಾಕಿದಾಗ ಪೊಲೀಸರಿಗೆ ಫೋನ್ ಮಾಡುವವನು ನಾನೇ. ಆದರೆ ಹೋದದ್ದು ಏನು ಅಂತ ತಿಳಿದಿರಲಿ. ಮಧ್ಯರಾತ್ರಿಯ ಮಾಲಕಂಸ, ದರಬಾರಿ, ಬೆಳಕು ಹರಿಯುವ ಮುಂಚಿನ ಲಲಿತ, ಬೆಳಗಿನ ತೋಡಿ. ಈ ರಾಗಗಳನ್ನು ಆ ಹೊತ್ತಲ್ಲೇ, ಆ ಚಳಿಯಲ್ಲೇ ಕೇಳುವುದು ಬೇರೆ. ಸಂಜೆ ಏಳಕ್ಕೆ ತೋಡಿ ಹಾಡಿಸುವುದು ಅಂದರೆ ರಾತ್ರಿ ಊಟಕ್ಕೆ ಉಪ್ಪಿಟ್ಟು ಬಡಿಸಿದ ಹಾಗೆ. ತಿನ್ನಬಹುದು, ಆದರೆ...

ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿಯವರು, ಕುಮಾರ ಗಂಧರ್ವರು, ಎಲ್ಲ ಆ ವೇದಿಕೆಯಲ್ಲಿ ಹಾಡಿದವರು. ಇಲ್ಲಿನ ಮರಾಠಿ ಗೆಳೆಯರಿಗೆ ನಾನು ಆಗಾಗ ಚುಚ್ಚುತ್ತೇನೆ: ನಿಮ್ಮೂರ ಉತ್ಸವ, ನಮ್ಮೂರ ಗಂಟಲು. ಅವರು ತಿರುಗಿ ಹೇಳುತ್ತಾರೆ, ಹಾಗಾದರೆ ನೀವ್ಯಾಕೆ ಅವರನ್ನು ಊರಲ್ಲೇ ಉಳಿಸಿಕೊಳ್ಳಲಿಲ್ಲ ಅಂತ. ಅಲ್ಲಿಗೆ ನಾನು ಚಾ ತರಿಸುತ್ತೇನೆ.


ಕುಂದಗೋಳ ಪ್ಯಾಸೆಂಜರ್ | ಶನಿವಾರ ರಾತ್ರಿ 9:00

ಮನ್ಸೂರರು, ಗಂಗೂಬಾಯಿಯವರು ಇಬ್ಬರೂ ಊರು ಬಿಡಲಿಲ್ಲ ಅಂತ ಅವರಿಗೆ ಹೇಳಿ. ಒಬ್ಬರು ಧಾರವಾಡ, ಇನ್ನೊಬ್ಬರು ಹುಬ್ಬಳ್ಳಿ. ಚಾ ದುಡ್ಡು ಅವರೇ ಕೊಡಲಿ.


ಸಾಧನಕೇರಿ ಹುಡುಗಿ | ಭಾನುವಾರ ಬೆಳಗ್ಗೆ 10:26

ಯೂಟ್ಯೂಬಿನಲ್ಲಿ ಹುಡುಕಿದೆ, ಸಿಕ್ಕಿತು. ಬೆಳಗ್ಗೆ ಚಾ ಕೊಟ್ಟು ಹಾಕಿದೆ. ಅಪ್ಪ ಅರ್ಧ ನಿಮಿಷ ಕೇಳಿ, ತಲೆ ಅಲ್ಲಾಡಿಸಿ, "ಇದಲ್ಲ" ಅಂದರು. ತಮ್ಮ ನನ್ನ ಮುಖ ನೋಡಿದ. ಈಗ ಏನು ಮಾಡಲಿ?


ಅರಗಿನ ತಟ್ಟೆ | ಭಾನುವಾರ ಬೆಳಗ್ಗೆ 10:39

ನೀವು ಹಾಕಿದ್ದು ಸೋಸಿದ ಪ್ರತಿ ಇರಬೇಕು. ಕಂಪ್ಯೂಟರಿನಲ್ಲಿ ಚಟಪಟ ಎಲ್ಲ ತೆಗೆದು ನುಣ್ಣಗೆ ಮಾಡಿರುತ್ತಾರೆ. ಸದ್ದಿನ ಜೊತೆ ದನಿಯ ಮೇಲ್ಪದರವೂ ಹೋಗುತ್ತದೆ, ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಸ್ವಲ್ಪ ತಡೆಯಿರಿ. ನನ್ನ ಹತ್ತಿರ ಆ ತಟ್ಟೆ ಇದೆ. ಅಂಚಿನಲ್ಲಿ ಒಂದು ಸಣ್ಣ ಚೂರು ಹೋಗಿದೆ, ಆದರೆ ಹಾಡಿಗೆ ಪೆಟ್ಟಾಗಿಲ್ಲ. ಹೊಸ ಮುಳ್ಳು ಹಾಕಿ, ಮುಂದೆ ಫೋನ್ ಇಟ್ಟು ಹಾಗೇ ಮುದ್ರಿಸಿ ಕಳಿಸುತ್ತೇನೆ. ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಬರಬಹುದು, ಅಪ್ಪನಿಗೆ ಮೊದಲೇ ಹೇಳಿಡಿ.


ಸಾಧನಕೇರಿ ಹುಡುಗಿ | ಭಾನುವಾರ ರಾತ್ರಿ 9:15

ಎಲ್ಲರಿಗೂ ಹೇಳಲೇಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಅರಗಿನ ಅಣ್ಣ ಕಳಿಸಿದ್ದನ್ನು ಸಂಜೆ ಹಾಕಿದೆ. ಏನೂ ಹೇಳಲಿಲ್ಲ, ಸುಮ್ಮನೆ ಫೋನನ್ನು ಅಡುಗೆಮನೆಯ ಕಟ್ಟೆ ಮೇಲಿಟ್ಟು ಒತ್ತಿದೆ. ಅಪ್ಪ ಹಾಲ್‌ನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೊದಲು ಬರೀ ಚಟಪಟ. ಅಪ್ಪ ಅಲ್ಲಿಂದಲೇ "ಒಲಿ ಸಣ್ಣ ಮಾಡವಾ, ಸಾಸಿವಿ ಹೊತ್ತತೈತಿ" ಅಂದರು. ಆಮೇಲೆ ದನಿ ಬಂತು.

ಅಪ್ಪನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಇತ್ತು. ಮುಗಿಯುವವರೆಗೆ ಸುಲಿಯಲಿಲ್ಲ. ಮುಗಿದ ಮೇಲೆ, ಪಕ್ಕದ ಮನೆಯ ಕುಕ್ಕರ್ ನಿಜವಾಗಿಯೂ ಸೀಟಿ ಹೊಡೆಯಿತು.

"ಆ ಅಜ್ಜಿ ಎಬ್ಬಿಸಿದ್ಲು ನನ್ನ" ಅಂದರು. "ಭುಜಾ ಹಿಡದು ಅಲ್ಲಾಡಿಸಿದ್ಲು. ಎದ್ದು ನೋಡಿದ್ರ ಸ್ಟೇಜ್ ಖಾಲಿ, ಎಲ್ಲಾರೂ ಸುಮ್ಮ ಕೂತಾರ, ಹಾಡು ನಡದೈತಿ. ನಾ ಹೆದರಿದೆ."

ಹಾಗಾದರೆ ತೋಡಿ? ಅಂತ ಕೇಳಿದೆ.

"ಯಾ ತೋಡಿ?" ಅಂದು ಮತ್ತೆ ಕಾಯಿ ಸುಲಿಯತೊಡಗಿದರು. ಐದು ನಿಮಿಷ ಆದ ಮೇಲೆ, "ವಾಪಸ್ ಬರೋ ಮುಂದ ಗಾಡಿಯೊಳಗ ಅಂವ ಪೂರಾ ತೋಡಿ ಹಾಡಿ ತೋರಿಸಿದಾ, ಮೀರಜ ತನಕ. ಅದನ್ನ ಕೇಳೀನಲ್ಲ" ಅಂದರು. ಅಂವ ಅಂದರೆ ಕಾಕಾ.


ಸಂಶಯಪ್ಪ | ಭಾನುವಾರ ರಾತ್ರಿ 9:22

ಗೆದ್ದೆ. ಆದರೆ ಯಾಕೋ ಖುಷಿ ಆಗ್ತಿಲ್ಲ.


ಕೊತ್ರೂಡಿನ ಕನ್ನಡಿಗ | ಭಾನುವಾರ ರಾತ್ರಿ 9:41

ಡಿಸೆಂಬರಿಗೆ ಇಬ್ಬರನ್ನೂ ಕಳಿಸಿ, ಉಳಿಯಲು ನಮ್ಮ ಮನೆ ಇದೆ. ಈಗ ಹುಬ್ಬಳ್ಳಿಯಿಂದ ಪುಣೆಗೆ ವಂದೇ ಭಾರತ್ ಇದೆ, ಧಾರವಾಡದಲ್ಲೂ ನಿಲ್ಲುತ್ತದೆ.


ಸಾಧನಕೇರಿ ಹುಡುಗಿ | ಭಾನುವಾರ ರಾತ್ರಿ 10:03

ಹೇಳಿದೆ. ಅಪ್ಪ ಕಾಕಾನಿಗೆ ಫೋನ್ ಹಚ್ಚಿ ಕಾಲು ಗಂಟೆಯಿಂದ ಜಗಳ ಆಡುತ್ತಿದ್ದಾರೆ. ನಡುವೆ ಫೋನ್ ಮುಚ್ಚಿಕೊಂಡು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಆ ಗಾಡಿ ಮೀರಜದಾಗ ಎಷ್ಟೊತ್ತು ನಿಂದ್ರತೈತಿ?"